ಗವರ್ನರ್ ವಾಷಿಂಗ್ಟನ್‌ಗೆ ಹೊರಟರೆ ಮಗಳ ಕೆಲಸದ ಗತಿ ಏನು?

ಪ್ರಶ್ನೆ: ನಾನು ವಿಧಾನಸೌಧದಲ್ಲಿ ಶಾಖಾಧಿಕಾರಿಯಾಗಿದ್ದು ನಿವೃತ್ತನಾದವನು, ಈಗ ಮೈಸೂರಿನಲ್ಲಿದ್ದೇನೆ. ಮಗಳು ಅಮೆರಿಕದ ಒಂದು ರಾಜ್ಯದ ಗವರ್ನರ್ ಕಚೇರಿಯಲ್ಲಿ ಆರು ವರ್ಷದಿಂದ ಕೃಷಿ, ಗ್ರಾಮೀಣಾಭಿವೃದ್ಧಿ ವಿಷಯ ನೋಡಿಕೊಳ್ಳುತ್ತಿದ್ದಾಳೆ. ಅಲ್ಲಿನ ಪೌರತ್ವವೂ ಸಿಕ್ಕಿದೆ. ಗವರ್ನರ್ ಹೆಸರು ಅಧ್ಯಕ್ಷರ ಸಂಪುಟಕ್ಕೆ ಕೇಳಿಬರುತ್ತಿದೆಯಂತೆ, ‘ಹೋದರೆ ನೀನೂ ಬಾ’ ಅಂದಿದ್ದಾರಂತೆ. ಮುಖ್ಯಮಂತ್ರಿಯಂಥವರು ಹೋಗಿ ‘ಸೆಕ್ರೆಟರಿ’ ಆಗುವುದು ಹಿಂಬಡ್ತಿ ಅಲ್ಲವೇ? ಚುನಾವಣೆಗೆ ನಿಲ್ಲದೆ ಮಂತ್ರಿ ಆಗುವುದು ಹೇಗೆ? ಇವಳದ್ದು ಸರ್ಕಾರಿ ಕೆಲಸ, ಭದ್ರ ಅನ್ನುತ್ತಾರೆ ಅಳಿಯ. ನಮ್ಮಲ್ಲಿ ಮಂತ್ರಿ ಬದಲಾದರೆ ಆಪ್ತ ಶಾಖೆಯ ಹುಡುಗರು ಮಾತೃ ಇಲಾಖೆಗೆ ವಾಪಸ್ ಹೋಗುತ್ತಿದ್ದರು. ಇವಳಿಗೆ ಲೀನ್, ಅಂದರೆ ಹಳೆಯ ಹುದ್ದೆಗೆ ಮರಳುವ ಹಕ್ಕು, ಇರುತ್ತದೆಯೇ? ಮೈಸೂರಿನಲ್ಲಿ ನನ್ನ ಜೊತೆ ಜಂಟಿ ಹೆಸರಿನಲ್ಲಿ ಒಂದು ನಿವೇಶನ ಇದೆ. ಅದರಿಂದ ಅವಳಿಗೆ ತೊಂದರೆ ಆದೀತೇ?

ಉತ್ತರ: ಲೀನ್ ಇರುವುದಿಲ್ಲ. ನಿಮ್ಮನ್ನು ನಿದ್ದೆಗೆಡಿಸುತ್ತಿರುವ ಪ್ರಶ್ನೆ ಇದೇ ಅನ್ನುವುದು ಪತ್ರ ಓದಿದರೆ ಗೊತ್ತಾಗುತ್ತದೆ, ಅದಕ್ಕೇ ಮೊದಲು ಹೇಳಿದೆ. ವಾಪಸ್ ಹೋಗಲು ಅವಳಿಗೆ ಮಾತೃ ಇಲಾಖೆಯೇ ಇಲ್ಲ. ಇನ್ನೊಂದು ಮಾತನ್ನೂ ಹೇಳಬೇಕು, ಬೇಸರ ಬೇಡ: ಈಗ ಇರುವ ಕೆಲಸವೂ ಕಾಯಂ ಅಲ್ಲ. ಗವರ್ನರ್ ಕಚೇರಿಯ ಸಲಹೆಗಾರರು ಸಾಮಾನ್ಯವಾಗಿ ಗವರ್ನರ್ ಬೇಕೆಂದಷ್ಟು ದಿನ ಇರುವವರು. ಅವರು ವಾಷಿಂಗ್ಟನ್‌ಗೆ ಹೋದರೆ, ಬರುವವರು ಇವಳನ್ನು ಉಳಿಸಿಕೊಂಡರೆ ಉಂಟು, ಇಲ್ಲದಿದ್ದರೆ ಇಲ್ಲ. ಹಾಗಾಗಿ ‘ಭದ್ರವಾದ ಕೆಲಸ ಬಿಟ್ಟು ಅಭದ್ರಕ್ಕೆ ಹೋಗುವುದಾ’ ಅಂತ ಲೆಕ್ಕ ಹಾಕಿದರೆ ಲೆಕ್ಕ ತಪ್ಪುತ್ತದೆ. ಎರಡೂ ಅಭದ್ರವೇ, ರೀತಿ ಬೇರೆ.

ನಾನು ಅಮೆರಿಕದ ಒಂದು ರಾಜ್ಯದ ಶಾಸನಸಭೆಯ ಸಂಶೋಧನಾ ವಿಭಾಗದಲ್ಲಿ ಹತ್ತೊಂಬತ್ತು ವರ್ಷ ಇದ್ದವನು. ಯಾವ ಪಕ್ಷಕ್ಕೂ ಸೇರದ ಕೆಲಸ ಅದು. ನಾಯಕರ ಹಿಂದೆ ವಾಷಿಂಗ್ಟನ್ ರೈಲು ಹತ್ತಿದವರನ್ನೂ ನೋಡಿದ್ದೇನೆ, ಎರಡು ವರ್ಷಕ್ಕೆ ಸೂಟ್‌ಕೇಸ್ ಹಿಡಿದು ಹಳೆಯ ಕ್ಯಾಂಟೀನಿಗೇ ಮರಳಿದವರನ್ನೂ ನೋಡಿದ್ದೇನೆ. ಹಾಗೆ ಮರಳಿದವರೆಲ್ಲ ಸೋತವರಲ್ಲ, ಅದೂ ನೆನಪಿರಲಿ.

ಮೊದಲು ಹೆಸರುಗಳ ಗೊಂದಲ ಬಿಡಿಸೋಣ. ಅಲ್ಲಿನ ಗವರ್ನರ್ ನಮ್ಮ ರಾಜ್ಯಪಾಲರ ಹಾಗೆ ರಾಜಭವನದಲ್ಲಿ ಕೂತು ಸಹಿ ಹಾಕುವವರಲ್ಲ. ಜನರೇ ನೇರವಾಗಿ ಆರಿಸಿದ, ಅಧಿಕಾರದಲ್ಲಿ ನಮ್ಮ ಮುಖ್ಯಮಂತ್ರಿಗೆ ಸಮನಾದ ವ್ಯಕ್ತಿ. ಅಲ್ಲಿನ ‘ಸೆಕ್ರೆಟರಿ’ ಐಎಎಸ್ ಕಾರ್ಯದರ್ಶಿಯಲ್ಲ, ಇಲಾಖೆಯ ಮಂತ್ರಿ. ಇಂಥ ಇಲಾಖೆಗಳು ಒಟ್ಟು 15. ‘ಚುನಾವಣೆ ಇಲ್ಲದೆ ಮಂತ್ರಿಯೇ’ ಅಂತ ನಮಗೆ ಆಶ್ಚರ್ಯ ಆಗುವುದು ಸಹಜ, ಏಕೆಂದರೆ ನಮ್ಮಲ್ಲಿ ಮಂತ್ರಿಯಾದವರು ಆರು ತಿಂಗಳೊಳಗೆ ಸಂಸತ್ತಿನ ಸದಸ್ಯರಾಗಲೇಬೇಕು. ಅಲ್ಲಿ ಪೂರಾ ತಿರುವುಮುರುವು. ಮಂತ್ರಿಯಾಗುವವರು ಸಂಸತ್ತಿನ ಸದಸ್ಯರಾಗಿದ್ದರೆ ಆ ಸ್ಥಾನ ಬಿಡಲೇಬೇಕು. ಅಧ್ಯಕ್ಷರು ಹೆಸರಿಸುತ್ತಾರೆ, ಸಂಸತ್ತಿನ ಮೇಲ್ಮನೆಯಾದ ಸೆನೆಟ್ ಒಪ್ಪುತ್ತದೆ, ಅಷ್ಟೇ. ಆಮೇಲೆ ಅಧ್ಯಕ್ಷರ ಮರ್ಜಿ ಇರುವತನಕ ಕುರ್ಚಿ.

ಎಸ್.ಎಂ. ಕೃಷ್ಣ ಅವರನ್ನು ನೀವು ವಿಧಾನಸೌಧದಲ್ಲೇ ನೋಡಿರುತ್ತೀರಿ. 1999ರ ಅಕ್ಟೋಬರಿನಲ್ಲಿ ಮುಖ್ಯಮಂತ್ರಿ, 2009ರ ಮೇನಲ್ಲಿ ಕೇಂದ್ರದ ವಿದೇಶಾಂಗ ಸಚಿವ. ಅದೇ 1999ರ ಜನವರಿಯಲ್ಲಿ ಅಯೋವಾ ರಾಜ್ಯದಲ್ಲಿ ಒಬ್ಬರು ಗವರ್ನರ್ ಆಗಿದ್ದರು, ಅವರೂ 2009ರಲ್ಲೇ ಒಬಾಮ ಸಂಪುಟದ ಕೃಷಿ ಸಚಿವರಾದರು. ಹೆಸರು ಟಾಮ್ ವಿಲ್ಸ್ಯಾಕ್. ಕೃಷ್ಣ ಅವರ ಬೆನ್ನಿಗೆ ರಾಜ್ಯಸಭೆಯ ಸೀಟಿತ್ತು, ಪಕ್ಷವಿತ್ತು. ವಿಲ್ಸ್ಯಾಕ್ ಅವರಿಗೆ ಇದ್ದದ್ದು ಒಬ್ಬ ಮನುಷ್ಯನ ವಿಶ್ವಾಸ ಮಾತ್ರ. ನಿಮ್ಮ ಮಗಳ ವಿಷಯವೂ ಕೃಷಿಯೇ ಆದ್ದರಿಂದ ಅವರ ಕಥೆಯನ್ನೇ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ವಿಲ್ಸ್ಯಾಕ್ ಅಯೋವಾದವರೇ ಅಲ್ಲ. 1950ರ ಡಿಸೆಂಬರಿನಲ್ಲಿ ಪಿಟ್ಸ್‌ಬರ್ಗ್‌ನಲ್ಲಿ ಹುಟ್ಟಿ, ಅನಾಥಾಲಯ ಸೇರಿ, ದತ್ತು ಹೋದ ಮಗು. ಸಾಕುತಾಯಿಗೆ ಮದ್ಯ ಮತ್ತು ಮಾತ್ರೆಗಳ ಚಟವಿತ್ತು. ಕಾನೂನು ಓದಿ, ಹೆಂಡತಿಯ ಊರಾದ ಮೌಂಟ್ ಪ್ಲೆಸೆಂಟ್‌ಗೆ ಬಂದು ಮಾವನ ಜೊತೆ ವಕೀಲಿಕೆ ಶುರು ಮಾಡಿದರು. ನಮ್ಮ ಲೆಕ್ಕದಲ್ಲಿ ಮನೆ ಅಳಿಯ ಅನ್ನಿ. ಹತ್ತು ಸಾವಿರ ಜನರೂ ಇಲ್ಲದ ಊರು ಅದು. 1986ರ ಡಿಸೆಂಬರಿನ ಒಂದು ಸಂಜೆ ಅಲ್ಲಿನ ಪುರಸಭೆಯ ಸಭೆ ನಡೆಯುತ್ತಿದ್ದಾಗ, ಒಳಚರಂಡಿ ನೀರು ಮನೆಗೆ ಉಕ್ಕುತ್ತದೆ ಅಂತ ಸಿಟ್ಟಾಗಿದ್ದ ಒಬ್ಬಾತ ಪಿಸ್ತೂಲು ತಂದು ಮೇಯರ್ ಮೇಲೆ ಗುಂಡು ಹಾರಿಸಿದ. ಮೇಯರ್ ಸತ್ತರು, ಇಬ್ಬರು ಸದಸ್ಯರಿಗೆ ಗಾಯವಾಯಿತು. ಚರಂಡಿ ತಕರಾರಿನ ಅರ್ಜಿಗಳು ನಿಮ್ಮ ಮೇಜಿಗೂ ಎಷ್ಟೋ ಬಂದಿದ್ದಾವು. ಆ ಊರಿನಲ್ಲಿ ಅದು ಕೊಲೆಯಲ್ಲಿ ಮುಗಿಯಿತು. ಖಾಲಿ ಬಿದ್ದ ಆ ಕುರ್ಚಿಗೆ 1987ರಲ್ಲಿ ಆಯ್ಕೆಯಾಗಿ ಬಂದವರು ವಿಲ್ಸ್ಯಾಕ್.

ಅಲ್ಲಿಂದ 1992ರಲ್ಲಿ ರಾಜ್ಯದ ಸೆನೆಟ್, 1998ರಲ್ಲಿ ಗವರ್ನರ್ ಚುನಾವಣೆ. ಸಮೀಕ್ಷೆಗಳಲ್ಲಿ ಹಿಂದಿದ್ದವರು ಗೆದ್ದರು. ಅಯೋವಾದಲ್ಲಿ ಅವರ ಡೆಮಾಕ್ರಟಿಕ್ ಪಕ್ಷದ ಗವರ್ನರ್ ಇದ್ದು ಮೂವತ್ತು ವರ್ಷವಾಗಿತ್ತು. 2002ರಲ್ಲಿ ಮತ್ತೆ ಗೆದ್ದರು, ಎರಡು ಅವಧಿ ಮುಗಿಸಿ ತಾವಾಗಿಯೇ ಇಳಿದರು. 2006ರ ನವೆಂಬರ್ 30ಕ್ಕೆ ಅಧ್ಯಕ್ಷ ಚುನಾವಣೆಗೆ ನಿಲ್ಲುವುದಾಗಿ ಘೋಷಿಸಿದವರು 2007ರ ಫೆಬ್ರುವರಿ 23ಕ್ಕೆ ದುಡ್ಡು ಸಾಲದು ಅಂತ ಹಿಂದೆ ಸರಿದರು. ಮೂರು ತಿಂಗಳೂ ತುಂಬಿರಲಿಲ್ಲ. ಬಳಿಕ ಹಿಲರಿ ಕ್ಲಿಂಟನ್ ಪರ ನಿಂತರು, ಅಂದರೆ ಒಬಾಮಗೆ ಎದುರಾಳಿ ಪಾಳಯ. ಆದರೂ 2008ರ ಡಿಸೆಂಬರಿನಲ್ಲಿ ಒಬಾಮ ಕರೆದದ್ದು ಅವರನ್ನೇ. ಪಕ್ಷದೊಳಗಿನ ಗಾಯ ಮಾಯಿಸುವ ಲೆಕ್ಕ ಅದರಲ್ಲಿ ಇದ್ದಿರಬಹುದು. ಅದಕ್ಕಿಂತ ದೊಡ್ಡ ಕಾರಣ, ಜೋಳ ಹಂದಿಗಳ ರಾಜ್ಯವನ್ನು ಎಂಟು ವರ್ಷ ಆಳಿದ ಅನುಭವ ಅಂತ ನನ್ನ ಅಂದಾಜು.

ಇದು ಬಡ್ತಿಯೋ ಹಿಂಬಡ್ತಿಯೋ ಅಂದಿರಿ. ಎರಡೂ ಅನ್ನಲಾಗದು, ಜಾತಿಯೇ ಬೇರೆ. ಗಾತ್ರ ನೋಡಿದರೆ ಬಡ್ತಿ. ಅಯೋವಾದ ಜನಸಂಖ್ಯೆ ಸುಮಾರು 30 ಲಕ್ಷ. ಅವರ ಕಾಲದಲ್ಲಿ ಕೃಷಿ ಇಲಾಖೆಯಲ್ಲಿ ನೌಕರರೇ ಸುಮಾರು ಒಂದು ಲಕ್ಷ ಇದ್ದರು. ಹೆಸರಿಗೆ ಕೃಷಿ, ಬಜೆಟ್ಟಿನ ಬಹುಪಾಲು ಹೋಗುವುದು ಬಡವರ ಆಹಾರಕ್ಕೆ. 2013ರಲ್ಲಿ ತಿಂಗಳಿಗೆ ಸರಾಸರಿ 4.7 ಕೋಟಿ ಜನ ಈ ಇಲಾಖೆಯ ಆಹಾರ ನೆರವು ಪಡೆಯುತ್ತಿದ್ದರು. ಶಾಲೆ ಊಟ, ರಾಷ್ಟ್ರೀಯ ಅರಣ್ಯ, ಹಳ್ಳಿಗಳ ಮನೆ ಸಾಲ ಎಲ್ಲ ಅದರಡಿಯೇ. ಶಾಲೆ ಊಟಕ್ಕೆ ತರಕಾರಿ, ಧಾನ್ಯ ಹೆಚ್ಚಿಸಿ ಉಪ್ಪು ಕಡಿಮೆ ಮಾಡಲು ದಾರಿ ಮಾಡಿದ ಕಾನೂನಿಗೆ ಒಬಾಮ ಸಹಿ ಹಾಕಿದ್ದು 2010ರ ಡಿಸೆಂಬರ್ 13ರಂದು, ವಿಲ್ಸ್ಯಾಕ್ ಅವರ ಅರವತ್ತನೇ ಹುಟ್ಟುಹಬ್ಬದ ದಿನ. ಅಧ್ಯಕ್ಷರಿಗೆ ಏನಾದರೂ ಆದರೆ ಅಧಿಕಾರ ವಹಿಸಿಕೊಳ್ಳುವ ಸಾಲಿನಲ್ಲಿ ಕೃಷಿ ಸಚಿವರದು ಒಂಬತ್ತನೇ ಸ್ಥಾನ. ಅಂದಹಾಗೆ, ವಿದೇಶದಲ್ಲಿ ಹುಟ್ಟಿ ಪೌರತ್ವ ಪಡೆದವರು ಅಧ್ಯಕ್ಷರಾಗುವಂತಿಲ್ಲ, ಮಂತ್ರಿಯಾಗಬಹುದು. ಈ ಸಾಲಿನಲ್ಲಿ ಅವರನ್ನು ದಾಟಿ ಮುಂದಿನವರಿಗೆ ಹೋಗುತ್ತಾರೆ. ಹೆನ್ರಿ ಕಿಸಿಂಜರ್ ಹಾಗಿದ್ದರು, ಮ್ಯಾಡೆಲಿನ್ ಆಲ್‌ಬ್ರೈಟ್ ಹಾಗಿದ್ದರು. ಮಗಳಿಗೆ ಮುಂದೆಂದಾದರೂ ಉಪಯೋಗಕ್ಕೆ ಬರಲಿ!

ಆದರೆ ಸ್ವಾತಂತ್ರ್ಯ ನೋಡಿದರೆ ಇಳಿಕೆಯೇ. ಗವರ್ನರ್ ಆಗಿದ್ದಾಗ ಮಸೂದೆಗೆ ತಡೆ ಹಾಕುವ ಅಧಿಕಾರ ಕೈಯಲ್ಲಿತ್ತು, ಬಜೆಟ್ ಅವರ ಹೆಸರಲ್ಲಿತ್ತು, ಗದರಿಸುವವರು ಮತದಾರರು ಮಾತ್ರ. ಮಂತ್ರಿಯಾದ ಮೇಲೆ ಶ್ವೇತಭವನದ ಮೂವತ್ತು ವರ್ಷ ವಯಸ್ಸಿನ ಸಲಹೆಗಾರನೊಬ್ಬ ಫೋನ್ ಮಾಡಿದರೂ ಎತ್ತಬೇಕು. ಮತ ಹಾಕಿದವರು ಊರಿನಲ್ಲೇ ಉಳಿದರು. ರಾಜ್ಯ ನಾಯಕರಿಗೆ ಅಲ್ಲಿ ಹೋದ ಮೇಲೆ ಕಾಡುವುದು ಇದೇ. ಒಬಾಮ ಅವರ ಎರಡನೇ ಅವಧಿಯ ಕೊನೆಗೆ ವಿಲ್ಸ್ಯಾಕ್ ಅವರಿಗೂ ಕೆಲಸ ಸಾಲದೆ ಹೊರಡುವ ಮನಸ್ಸಾಗಿತ್ತು. 2016ರ ಜನವರಿಯಲ್ಲಿ ಒಬಾಮ ಅವರಿಗೆ ಹಳ್ಳಿಗಳ ಓಪಿಯಾಯ್ಡ್ (ಅಫೀಮಿನ ಜಾತಿಯ ನೋವುಮಾತ್ರೆ) ಚಟದ ವಿರುದ್ಧದ ಹೊಣೆ ಕೊಟ್ಟರು. ಸಾಕುತಾಯಿಯ ಮಾತ್ರೆ ಡಬ್ಬಿ ನೋಡಿ ಬೆಳೆದವರಿಗೆ ಆ ಕೆಲಸದ ಅರ್ಥ ಯಾರೂ ಹೇಳಿಕೊಡಬೇಕಿರಲಿಲ್ಲ.

ಕುರ್ಚಿಯ ಎತ್ತರವೂ ಕೂರಿಸಿದವರ ಇಷ್ಟ. ದಕ್ಷಿಣ ಕೆರೊಲಿನಾದ ಗವರ್ನರ್ ಆಗಿದ್ದ ಪಂಜಾಬಿ ಮೂಲದ ನಿಕ್ಕಿ ಹೇಲಿ 2017ರಲ್ಲಿ ವಿಶ್ವಸಂಸ್ಥೆಯ ರಾಯಭಾರಿಯಾದಾಗ ಸಂಪುಟ ದರ್ಜೆ ಇತ್ತು. ಅವರು ಬಿಟ್ಟ ನಂತರ ಬಂದವರಿಗೆ ಅದೇ ಹುದ್ದೆಯಲ್ಲಿ ಆ ದರ್ಜೆ ಸಿಗಲಿಲ್ಲ.

ಇನ್ನು ‘ಹೆಸರು ಕೇಳಿಬಂದಿದೆ’ ಅನ್ನುವ ಹಂತ. ಪೇಪರಿನಲ್ಲಿ ಬಂದ ಮಾತ್ರಕ್ಕೆ ಆಗಿಹೋಯಿತು ಅಂತ ತಿಳಿಯಬೇಡಿ. ವಿಲ್ಸ್ಯಾಕ್ 2009ರ ಜನವರಿ 20ರಂದು, ಒಬಾಮ ಪ್ರಮಾಣವಚನದ ದಿನವೇ, ಧ್ವನಿಮತದಿಂದ ಪಾಸಾದರು. ಅದೇ ತಿಂಗಳು ನ್ಯೂಮೆಕ್ಸಿಕೊ ಗವರ್ನರ್ ಬಿಲ್ ರಿಚರ್ಡ್‌ಸನ್ ವಾಣಿಜ್ಯ ಸಚಿವ ಸ್ಥಾನಕ್ಕೆ ಹೆಸರಿಸಲ್ಪಟ್ಟವರು, ರಾಜ್ಯದ ಒಂದು ಗುತ್ತಿಗೆಯ ಬಗ್ಗೆ ತನಿಖೆ ನಡೆಯುತ್ತಿದ್ದುದರಿಂದ ತಾವೇ ಹಿಂದೆ ಸರಿದರು. ಆ ತನಿಖೆಯಲ್ಲಿ ಅವರ ಮೇಲೆ ಆರೋಪಪಟ್ಟಿ ಬರಲೇ ಇಲ್ಲ, ಆದರೆ ಅಷ್ಟರಲ್ಲಿ ಕುರ್ಚಿ ಬೇರೆಯವರಿಗೆ ಹೋಗಿತ್ತು. ಅವರು ಮಾಡಿದ ಜಾಣತನ ಒಂದೇ: ಗವರ್ನರ್ ಸ್ಥಾನಕ್ಕೆ ರಾಜೀನಾಮೆ ಕೊಟ್ಟಿರಲಿಲ್ಲ. ಅಲ್ಲೇ ಅವಧಿ ಮುಗಿಸಿದರು. ಮಗಳಿಗೂ ಇದನ್ನೇ ಹೇಳಿ. ಸೆನೆಟ್ ಮತ ಹಾಕುವವರೆಗೆ ಅವಳು ರಾಜೀನಾಮೆ ಪತ್ರ ಬರೆಯಬಾರದು, ಮನೆ ಬಾಡಿಗೆ ಒಪ್ಪಂದ ಮುರಿಯಬಾರದು.

ಊರಿನಲ್ಲಿ ಉಳಿಯುವವರ ಪಾಡೂ ಗವರ್ನರ್ ಹೋದ ಮೇಲೆ ಬದಲಾಗುತ್ತದೆ. ಹೆಚ್ಚಿನ ರಾಜ್ಯಗಳಲ್ಲಿ ಲೆಫ್ಟಿನೆಂಟ್ ಗವರ್ನರ್, ಅಂದರೆ ಉಪ ಗವರ್ನರ್, ಆ ಸ್ಥಾನಕ್ಕೆ ಬರುತ್ತಾರೆ. ಅರಿಜೋನಾದಲ್ಲಿ ಆಗ ಆ ಹುದ್ದೆಯೇ ಇರಲಿಲ್ಲ. 2009ರ ಜನವರಿಯಲ್ಲಿ ಡೆಮಾಕ್ರಟಿಕ್ ಪಕ್ಷದ ಜನೆಟ್ ನಪೊಲಿಟಾನೊ ಗವರ್ನರ್‌ಗಿರಿ ಬಿಟ್ಟು ಒಬಾಮ ಸಂಪುಟದ ಆಂತರಿಕ ಭದ್ರತಾ ಸಚಿವೆಯಾದರು. ಸಂವಿಧಾನದ ಪ್ರಕಾರ ಕುರ್ಚಿ ಹೋದದ್ದು ಎದುರು ಪಕ್ಷದ ಜಾನ್ ಬ್ರೂವರ್ ಅವರಿಗೆ. ಮುಂದಿನ ವರ್ಷವೇ ಬ್ರೂವರ್ ಕಠಿಣ ವಲಸೆ ಕಾನೂನಿಗೆ ಸಹಿ ಹಾಕಿದರು, ದೇಶವೆಲ್ಲ ಗದ್ದಲವಾಯಿತು. ಹಾಗಾಗಿ ನಿಮ್ಮ ಮಗಳ ರಾಜ್ಯದಲ್ಲಿ ಮುಂದೆ ಯಾರು ಬರುತ್ತಾರೆ, ಯಾವ ಪಕ್ಷದವರು ಅನ್ನುವುದು ಅವಳ ನಿರ್ಧಾರಕ್ಕೆ ಮೊದಲ ಆಧಾರ. ಉತ್ತರ ಅವಳ ಕಚೇರಿಯಲ್ಲೇ ಇದೆ.

ಅಳಿಯಂದಿರ ‘ಸರ್ಕಾರಿ ಕೆಲಸ’ದ ಮಾತಿಗೆ ಬರುತ್ತೇನೆ. 1881ರಲ್ಲಿ ಅಧ್ಯಕ್ಷ ಗಾರ್ಫೀಲ್ಡ್ ಅವರನ್ನು, ಕೆಲಸ ಕೊಡಲಿಲ್ಲ ಅನ್ನುವ ಸಿಟ್ಟಿಗೆ ಒಬ್ಬ ಗುಂಡಿಟ್ಟ. ಅದಾದ ಎರಡು ವರ್ಷಕ್ಕೆ ಪರೀಕ್ಷೆ, ಅರ್ಹತೆ ನೋಡಿ ನೇಮಿಸುವ ಕಾನೂನು ಬಂತು. ಇವತ್ತು ಕೇಂದ್ರ ಸರ್ಕಾರದ ಇಪ್ಪತ್ತು ಲಕ್ಷಕ್ಕೂ ಹೆಚ್ಚು ಸಿವಿಲ್ ನೌಕರರಲ್ಲಿ ಬಹುತೇಕರು ಆ ದಾರಿಯಲ್ಲಿ ಬಂದವರು. ಸುಮಾರು 4,000 ಹುದ್ದೆಗಳು ಮಾತ್ರ ರಾಜಕೀಯ ನೇಮಕದವು. ಮಂತ್ರಿ ಜೊತೆ ಬರುವ ಸಲಹೆಗಾರರು ಹೆಚ್ಚಾಗಿ ‘ಶೆಡ್ಯೂಲ್ ಸಿ’ ಅನ್ನುವ ವರ್ಗಕ್ಕೆ ಸೇರುತ್ತಾರೆ. ಸೆನೆಟ್ ಒಪ್ಪಿಗೆ ಬೇಡ, ಪರೀಕ್ಷೆ ಬೇಡ. ತೆಗೆಯುವಾಗ ಮೇಲ್ಮನವಿಯೂ ಇಲ್ಲ.

ಹೇಗೆ ತೆಗೆಯುತ್ತಾರೆ ಅನ್ನುವುದಕ್ಕೆ ವಿಲ್ಸ್ಯಾಕ್ ಅವರ ಇಲಾಖೆಯಲ್ಲೇ ನಡೆದ ಒಂದು ಸಂಗತಿ ಕೇಳಿ. ಶರ್ಲಿ ಶೆರಾಡ್ ಅನ್ನುವ ಕಪ್ಪು ಮಹಿಳೆ ಜಾರ್ಜಿಯಾದಲ್ಲಿ ಇಲಾಖೆಯ ಗ್ರಾಮೀಣಾಭಿವೃದ್ಧಿ ನಿರ್ದೇಶಕಿ, ರಾಜಕೀಯ ನೇಮಕ. 2010ರ ಜುಲೈ 19ರಂದು ಅವರ ಭಾಷಣದ ಒಂದು ತುಂಡು ವಿಡಿಯೋ ಅಂತರ್ಜಾಲಕ್ಕೆ ಬಂತು. ಬಿಳಿಯ ರೈತನೊಬ್ಬನಿಗೆ ಪೂರ್ತಿ ಸಹಾಯ ಮಾಡಲು ಮನಸ್ಸು ಬಂದಿರಲಿಲ್ಲ ಅನ್ನುವಂತೆ ಅದರಲ್ಲಿ ಕೇಳಿಸುತ್ತಿತ್ತು. ಅವರು ಕಾರಿನಲ್ಲಿ ಹೋಗುತ್ತಿದ್ದರು. ಇಲಾಖೆಯಿಂದ ಮೇಲಿಂದ ಮೇಲೆ ಫೋನ್. ಗಾಡಿ ರಸ್ತೆ ಪಕ್ಕ ನಿಲ್ಲಿಸಿ ಅಲ್ಲಿಂದಲೇ ರಾಜೀನಾಮೆ ಕಳಿಸು ಅಂದರು ಅಂತ ಅವರೇ ಆಮೇಲೆ ಹೇಳಿದರು. ಕೈಯಲ್ಲಿದ್ದ ಬ್ಲ್ಯಾಕ್‌ಬೆರಿಯಲ್ಲೇ ಟೈಪ್ ಮಾಡಿ ಕಳಿಸಿದರು. ಮರುದಿನ ಪೂರ್ತಿ ಭಾಷಣ ಹೊರಬಿತ್ತು. ಅದು ಇಪ್ಪತ್ನಾಲ್ಕು ವರ್ಷದ ಹಿಂದಿನ, ಅವರು ಸರ್ಕಾರದಲ್ಲಿ ಇಲ್ಲದಿದ್ದಾಗಿನ ಘಟನೆ. ಬಡತನಕ್ಕೆ ಬಣ್ಣವಿಲ್ಲ ಅನ್ನುವುದು ತನಗೆ ಅರ್ಥವಾದ ಬಗೆಯನ್ನು ಅವರು ಹೇಳುತ್ತಿದ್ದರು. ಆ ರೈತನ ಜಮೀನನ್ನು ಉಳಿಸಿಕೊಟ್ಟಿದ್ದರು ಕೂಡ. ರೈತ ಕುಟುಂಬವೇ ಟಿವಿಗೆ ಬಂದು ಅವರ ಪರ ಮಾತಾಡಿತು. ಜುಲೈ 21ಕ್ಕೆ ವಿಲ್ಸ್ಯಾಕ್ ತಪ್ಪು ತನ್ನದೇ ಅಂತ ಬಹಿರಂಗವಾಗಿ ಕ್ಷಮೆ ಕೇಳಿ, ಬೇರೆ ಹುದ್ದೆ ಕೊಡಲು ಮುಂದಾದರು. ಶೆರಾಡ್ ಬೇಡ ಅಂದರು.

ವಿಲ್ಸ್ಯಾಕ್ ಕೆಟ್ಟವರು ಅನ್ನಲು ಇದನ್ನು ಹೇಳುತ್ತಿಲ್ಲ. ಕಪ್ಪು ರೈತರಿಗೆ ದಶಕಗಳ ಕಾಲ ಸಾಲದಲ್ಲಿ ಆದ ತಾರತಮ್ಯಕ್ಕೆ 1.25 ಶತಕೋಟಿ ಡಾಲರ್ ಪರಿಹಾರದ ಒಪ್ಪಂದವಾದದ್ದೂ ಅದೇ 2010ರಲ್ಲಿ, ಅವರ ಕಾಲದಲ್ಲೇ. ಆದರೆ ಮಂತ್ರಿಯೇ ಎರವಲು ಕುರ್ಚಿಯಲ್ಲಿ ಕೂತಾಗ ಟಿವಿ ಚಾನೆಲ್ಲಿನ ಒಂದು ಸಂಜೆಯ ಗದ್ದಲಕ್ಕೂ ಹೆದರುತ್ತಾರೆ. ಆ ಹೆದರಿಕೆಯ ಪೆಟ್ಟು ಬೀಳುವುದು ಕೆಳಗಿನ ರಾಜಕೀಯ ನೇಮಕದವರ ಮೇಲೆ. ಕಾಯಂ ನೌಕರರಾಗಿದ್ದರೆ ನೋಟಿಸ್, ಉತ್ತರ, ವಿಚಾರಣೆ ಅಂತ ಒಂದಿಷ್ಟು ದಿನ ಸಿಗುತ್ತಿತ್ತು, ಅಷ್ಟರಲ್ಲಿ ಪೂರ್ತಿ ಭಾಷಣ ಬಂದಿರುತ್ತಿತ್ತು.

ಹಾಗಿದ್ದರೂ, ನಿಮ್ಮ ಮಗಳು ಹೋಗುವುದೇ ಬೇಡ ಅನ್ನಲು ನನಗೆ ಬಾಯಿ ಬರುವುದಿಲ್ಲ. ಆರು ವರ್ಷ ರಾಜ್ಯದಲ್ಲಿ ಕೃಷಿ ನೋಡಿದವಳಿಗೆ ಆ ಇಲಾಖೆಯ ಒಳಗಿನ ಎರಡು ವರ್ಷ ಹತ್ತು ವರ್ಷದ ಪಾಠಕ್ಕೆ ಸಮ. ಆಮೇಲೆ ವಿಶ್ವವಿದ್ಯಾಲಯ, ಸಂಸತ್ತಿನ ಸಮಿತಿ, ಉದ್ಯಮ ಸಂಘಗಳು ಹುಡುಕಿಕೊಂಡು ಬರುತ್ತವೆ. ವಿಲ್ಸ್ಯಾಕ್ ಅವರೇ 2017ರಲ್ಲಿ ಇಳಿದವರು ಹಾಲು ಉತ್ಪನ್ನಗಳ ರಫ್ತು ಮಂಡಳಿಯ ಮುಖ್ಯಸ್ಥರಾದರು. 2021ರಲ್ಲಿ ಬೈಡನ್ ಅದೇ ಕುರ್ಚಿಗೆ ಮತ್ತೆ ಕರೆದಾಗ ಸೆನೆಟ್ 92-7 ಮತಗಳಿಂದ ಒಪ್ಪಿತು. ಒಟ್ಟು ಸುಮಾರು ಹನ್ನೆರಡು ವರ್ಷ ಕೃಷಿ ಸಚಿವರು. ಅವರಿಗಿಂತ ಹೆಚ್ಚು ಕಾಲ ಆ ಕುರ್ಚಿಯಲ್ಲಿ ಕೂತವರು ಒಬ್ಬರೇ, ಅಯೋವಾದಿಂದಲೇ ಬಂದ ಜೇಮ್ಸ್ ವಿಲ್ಸನ್, 1897ರಿಂದ 1913ರವರೆಗೆ. ಇಂಥದ್ದು ಅಪರೂಪ. ಮಂತ್ರಿ ಎರಡು ವರ್ಷಕ್ಕೆ ಬಿಟ್ಟು ಹೋದರೆ ಸಲಹೆಗಾರರ ಗಂಟೂ ಕಟ್ಟಬೇಕಾಗುತ್ತದೆ. ಹೇಲಿ ಇದ್ದದ್ದು ಸುಮಾರು ಎರಡೇ ವರ್ಷ.

ಉಳಿಯುವುದಾದರೆ ಹೊಸ ಗವರ್ನರ್ ಕಚೇರಿಗಿಂತ ರಾಜ್ಯದ ಕೃಷಿ ಇಲಾಖೆಯ ಕಾಯಂ ಹುದ್ದೆಗೆ ಅರ್ಜಿ ಹಾಕುವುದು ಮೇಲು. ಗವರ್ನರ್ ಇನ್ನೂ ಕುರ್ಚಿಯಲ್ಲಿರುವಾಗಲೇ ಹಾಕಲಿ, ನಿಯಮಬದ್ಧವಾಗಿ ಸ್ಪರ್ಧಿಸಿ ಹಾಕಲಿ. ಮೂರನೇ ದಾರಿ ವಾಷಿಂಗ್ಟನ್‌ಗೆ ಹೋಗಿಯೂ ರಾಜಕೀಯ ನೇಮಕ ಬೇಡವೆಂದು ಕಾಯಂ ಹುದ್ದೆಗೆ ಪೈಪೋಟಿ ಮಾಡುವುದು. ನಿಧಾನದ ದಾರಿ. ಅಲ್ಲೂ ಮೊದಲಿನ ಗಟ್ಟಿತನ ಈಗಿಲ್ಲ. 2025ರ ಫೆಬ್ರುವರಿಯಲ್ಲಿ ಪ್ರೊಬೇಷನ್‌ನಲ್ಲಿದ್ದ ಸಾವಿರಾರು ಕೇಂದ್ರ ನೌಕರರನ್ನು ಒಮ್ಮೆಗೇ ಮನೆಗೆ ಕಳಿಸಿದ್ದು ನೀವೂ ಓದಿರುತ್ತೀರಿ. ಕೆಲವರು ನಾಲ್ಕನೇ ದಾರಿ ಹೇಳಿಕೊಡುತ್ತಾರೆ: ರಾಜಕೀಯ ನೇಮಕದಲ್ಲಿ ಹೋಗಿ, ಸರ್ಕಾರ ಬದಲಾಗುವ ಮುಂಚೆ ಕಾಯಂ ಹುದ್ದೆಗೆ ನುಸುಳುವುದು. ಅಲ್ಲಿನವರು ಇದಕ್ಕೆ ಹೆಗ್ಗಣದ ಹಾಗೆ ಬಿಲ ತೋಡುವುದು ಅಂತಲೇ ಹೆಸರಿಟ್ಟಿದ್ದಾರೆ. ಸಿಬ್ಬಂದಿ ಆಡಳಿತದ ಕೇಂದ್ರ ಕಚೇರಿ ಮುಂಚಿತವಾಗಿ ಒಪ್ಪಬೇಕು, ಮುಂದಿನ ಸರ್ಕಾರ ಪಟ್ಟಿ ಹಿಡಿದು ಹುಡುಕುತ್ತದೆ. ನಾನಾದರೆ ಆ ಗೋಜಿಗೆ ಹೋಗೆನು.

ಪಿಂಚಣಿಯ ಕಡೆಗೂ ನೋಡಿ, ನಿಮಗೆ ಈ ಲೆಕ್ಕ ಕರತಲಾಮಲಕ. ಕೇಂದ್ರ ಸರ್ಕಾರದಲ್ಲಿ ಪಿಂಚಣಿಗೆ ಅರ್ಹರಾಗಲು ಐದು ವರ್ಷದ ಸೇವೆ ಬೇಕು. ಒಂದು ಅಧ್ಯಕ್ಷ ಅವಧಿ ಇರುವುದೇ ನಾಲ್ಕು ವರ್ಷ. ರಾಜ್ಯದ ನಿಯಮ ಒಂದೊಂದು ಕಡೆ ಒಂದೊಂದು ಥರ. ಆರು ವರ್ಷಕ್ಕೆ ಅಲ್ಲಿನ ಪಿಂಚಣಿ ಹಕ್ಕು ಗಟ್ಟಿಯಾಗಿದೆಯೋ, ಇನ್ನು ಕೆಲವು ತಿಂಗಳು ಬೇಕೋ ಅಂತ ಮಗಳು ಬರವಣಿಗೆಯಲ್ಲಿ ಕೇಳಿ ತಿಳಿಯಲಿ. ನಾಲ್ಕು ತಿಂಗಳ ಅವಸರಕ್ಕೆ ಆ ಹಕ್ಕನ್ನೇ ಕಳೆದುಕೊಂಡ ಒಬ್ಬರು ನನ್ನ ಪಕ್ಕದ ಮೇಜಿನಲ್ಲೇ ಇದ್ದರು.

ನಿವೇಶನದಿಂದ ತೊಂದರೆ ಇಲ್ಲ, ಅದನ್ನು ಬಚ್ಚಿಟ್ಟರೆ ತೊಂದರೆ. ಹುದ್ದೆಯ ಸೂಕ್ಷ್ಮತೆ ನೋಡಿಕೊಂಡು ಹಿನ್ನೆಲೆ ತಪಾಸಣೆಯ ಅರ್ಜಿಯಲ್ಲಿ ವಿದೇಶದ ಆಸ್ತಿ, ವಿದೇಶದಲ್ಲಿರುವ ಹತ್ತಿರದ ಸಂಬಂಧಿಕರು, ವರ್ಷಗಟ್ಟಲೆ ಹಿಂದಿನ ವಿಳಾಸಗಳು, ಪ್ರಯಾಣಗಳನ್ನೆಲ್ಲ ಕೇಳುತ್ತಾರೆ. ನಿಮ್ಮ ಹೆಸರೂ ಅದರಲ್ಲಿ ಬರುತ್ತದೆ, ನೀವು ಸರ್ಕಾರಿ ಸೇವೆಯಲ್ಲಿದ್ದದ್ದೂ ಬರಬಹುದು. ಗಾಬರಿ ಬೇಡ, ಕೇಳಿದ್ದಕ್ಕೆಲ್ಲ ನಿಜ ಬರೆದರಾಯಿತು. ಕ್ರಯಪತ್ರ, ಖಾತೆ ನಕಲು, ಈ ವರ್ಷದ ಕಂದಾಯದ ರಸೀದಿ ಮೂರನ್ನೂ ಸ್ಕ್ಯಾನ್ ಮಾಡಿ, ಖರೀದಿ ದಿನಾಂಕ ಮತ್ತು ಆಗ ಕೊಟ್ಟ ಹಣವನ್ನು ಇಂಗ್ಲಿಷಿನಲ್ಲಿ ಒಂದು ಹಾಳೆ ಮೇಲೆ ಬರೆದು ಈಗಲೇ ಕಳಿಸಿಬಿಡಿ. ಅರ್ಜಿ ಕೈಗೆ ಬಂದ ಮೇಲೆ ಅವರು ಕೊಡುವ ದಿನಗಳು ಕಡಿಮೆ, ಮೈಸೂರಿನ ಕಚೇರಿಯಲ್ಲಿ ನಕಲು ಸಿಗಲು ಎಷ್ಟು ದಿನ ಹಿಡಿಯುತ್ತದೆ ಅನ್ನುವುದು ನನಗಿಂತ ನಿಮಗೇ ಚೆನ್ನಾಗಿ ಗೊತ್ತು.